ಪಟ್ಟಿಯಲ್ಲಿ ಇಲ್ಲದ ಹೆಸರು

ಜೂನ್ ತಿಂಗಳು ಬಂತೆಂದರೆ ಧರ್ಮಕೇಂದ್ರದ ಗುರುಗಳ ಮನೆಯ ಜಗಲಿಯಲ್ಲಿ ಜನ ಹೆಚ್ಚು. ದೀಕ್ಷಾಸ್ನಾನದ ಪ್ರಮಾಣಪತ್ರ, ಶಾಲೆಗೆ ಶಿಫಾರಸು ಪತ್ರ, ಶುಲ್ಕಕ್ಕೆ ಸಹಾಯ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಈ ವರ್ಷ ಒಂದು ಭಾನುವಾರ ಎರಡನೆಯ ಬಲಿಪೂಜೆಯಾದ ಮೇಲೆ ಒಬ್ಬ ತಂದೆ ಮತ್ತು ಮಗಳು, ಉಳಿದವರೆಲ್ಲ ಹೋಗುವವರೆಗೆ ಕಾದಿದ್ದು ಒಳಗೆ ಬಂದರು. ತಂದೆ ಮನೆಗಳಿಗೆ ವೈರಿಂಗ್ ಕೆಲಸ ಮಾಡುವವರು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳು ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಲ ಕೊಡುವ ಒಂದು ಕಂಪನಿಯ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಈಗ ಆ ಕೆಲಸ ಬಿಟ್ಟು ಎಂ.ಎಸ್ಸಿ. ಡೇಟಾ ಸೈನ್ಸ್ ಓದಬೇಕೆಂದು ಅವಳ ಆಸೆ.

ತಂದೆಯ ಚಿಂತೆ ಸರಳವಾದದ್ದು. "ಎರಡು ವರ್ಷಕ್ಕೆ ಮೂರೂವರೆ ಲಕ್ಷ ಆಗುತ್ತೆ ಫಾದರ್. ಬರುತ್ತಿರುವ ಸಂಬಳವೂ ನಿಲ್ಲುತ್ತೆ. ಮದುವೆ ಮಾಡಬೇಕಾದ ವಯಸ್ಸು. ನೀವೇ ಒಂದು ಮಾತು ಹೇಳಿ." ಅವರು ಬಯಸಿದ ಮಾತು ಯಾವುದೆಂದು ನನಗೆ ತಿಳಿಯದೆ ಇರಲಿಲ್ಲ.

ಆದರೆ ಮಗಳ ಪ್ರಶ್ನೆ ಬೇರೆಯಾಗಿತ್ತು. ಕಚೇರಿಯಲ್ಲಿ ಅವಳ ಕೆಲಸವೆಂದರೆ ಸಾಲ ಕೇಳಿ ಬಂದವರ ವಿವರಗಳನ್ನು ಕಂಪ್ಯೂಟರಿಗೆ ತುಂಬುವುದು. ಹೆಸರು, ವಯಸ್ಸು, ಉದ್ಯೋಗ, ಪಿನ್‌ಕೋಡ್, ಬಾಡಿಗೆ ಮನೆಯೋ ಸ್ವಂತದ್ದೋ, ಹಿಂದಿನ ಸಾಲಗಳೇನು. ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ 'ಆಗಬಹುದು' ಅಥವಾ 'ಇಲ್ಲ' ಎಂದು ಬರುತ್ತದೆ. ಎದುರಿಗೆ ಕುಳಿತವರು ಏಕೆ ಇಲ್ಲ ಎಂದು ಕೇಳಿದರೆ ಅವಳಿಗೆ ಕಾರಣ ಗೊತ್ತಿಲ್ಲ, ಮೇಲಿನವರಿಗೂ ಗೊತ್ತಿಲ್ಲ. "ಸಿಸ್ಟಮ್ ತಗೊಳ್ತಾ ಇಲ್ಲ ಸರ್" ಎಂದು ಹೇಳಿ ಕಳುಹಿಸಬೇಕು. ಒಂದು ದಿನ ಅವಳ ಬೀದಿಯಲ್ಲೇ ಇಪ್ಪತ್ತು ವರ್ಷದಿಂದ ಇಸ್ತ್ರಿ ಅಂಗಡಿ ಇಟ್ಟಿರುವ ಒಬ್ಬರು ಬಂದರಂತೆ. ಯಾರ ಬಳಿಯೂ ಒಂದು ರೂಪಾಯಿ ಉಳಿಸಿಕೊಳ್ಳದ ಮನುಷ್ಯರೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವರಿಗೂ 'ಇಲ್ಲ' ಬಂತು. ಅವಳು ಅದೇ ಮಾತು ಹೇಳಿದಳು. "ನಾನು ಈ ಕೋರ್ಸ್ ಓದಿದರೆ, ಆ ಜರಡಿಯನ್ನು ಮಾಡುವವಳೇ ನಾನಾಗುತ್ತೇನೆ ಫಾದರ್. ಓದಬಹುದಾ?" ಎಂದು ಕೇಳಿದಳು.

ಪ್ರಿಯ ಓದುಗರೇ, ಪಾಪನಿವೇದನೆಯ ಪೀಠದಲ್ಲಿಯೂ ಇಷ್ಟು ಪ್ರಾಮಾಣಿಕವಾದ ಪ್ರಶ್ನೆಯನ್ನು ನಾನು ಹೆಚ್ಚು ಬಾರಿ ಕೇಳಿಲ್ಲ. ಅಲ್ಲಿಯೇ ಉತ್ತರಿಸಲು ನನ್ನಿಂದ ಆಗಲಿಲ್ಲ. ಒಂದು ವಾರ ಬಿಟ್ಟು ಬರಲು ಹೇಳಿದೆ.

ಈ ಓದು ಏನೆಂಬುದನ್ನು ಮೊದಲು ತಿಳಿದುಕೊಳ್ಳಬೇಕಾಯಿತು. ಗುರುಮಠದಲ್ಲಿ ನಾನು ಕಲಿತದ್ದು ತತ್ವಶಾಸ್ತ್ರ, ದೈವಶಾಸ್ತ್ರ. ನನ್ನ ಗಣಿತವೆಲ್ಲ ಕಾಣಿಕೆ ಡಬ್ಬಿ ಎಣಿಸುವಷ್ಟು. ಅವಳು ತಂದಿದ್ದ ಪಠ್ಯಕ್ರಮವನ್ನು ಓದಿ, ಇದನ್ನು ಬಲ್ಲ ಒಬ್ಬ ಪ್ರಾಧ್ಯಾಪಕರನ್ನು ವಿಚಾರಿಸಿ ನನಗೆ ಅರ್ಥವಾದದ್ದಿಷ್ಟು. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಯ ಗಣಿತ ಇದರ ತಳಪಾಯ. ಅದರ ಮೇಲೆ ಕಂಪ್ಯೂಟರ್ ಭಾಷೆ, ದೊಡ್ಡ ಪ್ರಮಾಣದ ಮಾಹಿತಿಯನ್ನು ಕೂಡಿಡುವ ಕ್ರಮ, ಮತ್ತು ಹಳೆಯ ಸಾವಿರಾರು ಉದಾಹರಣೆಗಳನ್ನು ತೋರಿಸಿ ಹೊಸದೊಂದನ್ನು ಊಹಿಸುವಂತೆ ಯಂತ್ರವನ್ನು ಪಳಗಿಸುವ ವಿದ್ಯೆ. ಕೊನೆಗೆ ಒಂದು ಪ್ರಾಜೆಕ್ಟ್. ಕಲಿತವರು ಬ್ಯಾಂಕಿಗೂ ಹೋಗುತ್ತಾರೆ, ಆಸ್ಪತ್ರೆಗೂ ಹೋಗುತ್ತಾರೆ, ಮಳೆ ಬೆಳೆಗಳ ಲೆಕ್ಕಕ್ಕೂ ಹೋಗುತ್ತಾರೆ.

ಹೆಸರು ಹೊಸದಾದರೂ ಬೇರು ಹಳೆಯದು. ನಮ್ಮ ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಗಣಿತದ ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತಕ್ಕೆ ಹೋದವರು, ಅಲ್ಲಿ ಸಂಖ್ಯಾಶಾಸ್ತ್ರದ ಸಂಸ್ಥೆಯ ವಿಷಯ ತಿಳಿದು ಓದಿಗೆ ನಿಂತರು. ೧೯೪೩ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಪಡೆದ ಮೊದಲ ತಂಡದಲ್ಲಿ ಅವರಿದ್ದರು. ೨೦೨೩ರಲ್ಲಿ, ೧೦೨ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂತು. ಅದೇ ವರ್ಷ ಅವರು ತೀರಿಕೊಂಡರು. ಅಂದು ಅವರ ಮನೆಯವರೂ "ಕೆಲಸ ಸಿಗಲಿಲ್ಲವೆಂದು ಮತ್ತೆ ಓದೇ?" ಎಂದು ಕೇಳಿದ್ದರೆ ಆಶ್ಚರ್ಯವಿಲ್ಲ.

ಇದು ದೇವರಿಲ್ಲದವರ ವಿದ್ಯೆ ಎಂಬ ಅಳುಕು ನಮ್ಮಲ್ಲಿ ಕೆಲವರಿಗಿದೆ. ಬಟಾಣಿ ಗಿಡಗಳನ್ನು ಸಾವಿರಗಟ್ಟಲೆ ಬೆಳೆಸಿ, ಎಣಿಸಿ, ೧೮೬೬ರಲ್ಲಿ ಅನುವಂಶೀಯತೆಯ ನಿಯಮಗಳನ್ನು ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಅಗಸ್ಟೀನ್ ಸಭೆಯ ಗುರುಗಳಾಗಿದ್ದರು. ಅದೇ ಸಂತ ಅಗಸ್ಟೀನರ ಸಭೆಯಿಂದ ೨೦೨೫ರ ಮೇ ತಿಂಗಳಲ್ಲಿ ಪೋಪ್ ಜಗದ್ಗುರುಗಳಾಗಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ೧೯೭೭ರಲ್ಲಿ ಅಮೆರಿಕದ ವಿಲನೋವ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಬಿ.ಎಸ್ಸಿ. ಪಡೆದವರು. ಆಯ್ಕೆಯಾದ ಎರಡೇ ದಿನಕ್ಕೆ ಕಾರ್ಡಿನಲರಿಗೆ ತಮ್ಮ ಹೆಸರಿನ ಕಾರಣವನ್ನು ವಿವರಿಸಿದರು. ಹದಿಮೂರನೆಯ ಲಿಯೋ ೧೮೯೧ರಲ್ಲಿ 'ರೇರುಂ ನೊವಾರುಂ' ಬರೆದು ಕಾರ್ಖಾನೆಗಳ ಕಾಲದ ಕಾರ್ಮಿಕರ ಪರ ಮಾತನಾಡಿದಂತೆ, ಇಂದು ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮನುಷ್ಯನ ಘನತೆ, ನ್ಯಾಯ, ದುಡಿಮೆಗಳ ಪರವಾಗಿ ಧರ್ಮಸಭೆ ಮಾತನಾಡಬೇಕಾಗಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಆದ್ದರಿಂದ ವಿದ್ಯೆಯ ಮೇಲೆ ಅಪವಾದವಿಲ್ಲ.

ಹಾಗಾದರೆ ಹುಡುಗಿಯ ಮನಸ್ಸನ್ನು ಕುಟುಕಿದ್ದು ಏನು?

ಬೈಬಲಿನಲ್ಲಿ ಜನರನ್ನು ಎಣಿಸಿದ ಪ್ರಸಂಗಗಳು ಹಲವು. ಸಂಖ್ಯಾಕಾಂಡದಲ್ಲಿ ದೇವರೇ ಎಣಿಸಲು ಆಜ್ಞಾಪಿಸುತ್ತಾರೆ. ಸಮುವೇಲನ ಎರಡನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದಾವೀದನು ಎಣಿಸಿದಾಗ ಅದು ಪಾಪವಾಗುತ್ತದೆ. ಸೇನಾಪತಿ ಯೋವಾಬನು ಬೇಡವೆಂದರೂ ಕೇಳದೆ, ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶವೆಲ್ಲ ಸುತ್ತಿಸಿ ಕತ್ತಿ ಹಿಡಿಯಬಲ್ಲವರ ಲೆಕ್ಕ ತರಿಸಿದ. ಲೆಕ್ಕ ಕೈಗೆ ಬಂದ ಮೇಲೆ ಅವನ ಹೃದಯವೇ ಅವನನ್ನು ಚುಚ್ಚಿತು. ಎಣಿಕೆ ಎರಡು ಕಡೆಯೂ ಒಂದೇ. ಒಂದು ಪುಣ್ಯ, ಒಂದು ಪಾಪ ಹೇಗಾಯಿತು? ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದ ಒಂದು ಸಣ್ಣ ಕಟ್ಟಳೆ ನನಗೆ ದಾರಿ ತೋರಿಸಿತು. ಜನರನ್ನು ಎಣಿಸುವಾಗ ಎಣಿಕೆಗೆ ಬಂದ ಪ್ರತಿಯೊಬ್ಬನೂ ತನ್ನ ಪ್ರಾಣಕ್ಕೆ ಈಡಾಗಿ ಅರ್ಧ ಶೆಕೆಲ್ ಬೆಳ್ಳಿಯನ್ನು ದೇವರಿಗೆ ಕೊಡಬೇಕು. ಶ್ರೀಮಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಎಂದರೆ ಎಣಿಸುವವನ ಪುಸ್ತಕದಲ್ಲಿ ಹೆಸರು ಬಿದ್ದ ಮಾತ್ರಕ್ಕೆ ಆ ಮನುಷ್ಯ ಎಣಿಸುವವನ ಸೊತ್ತಾಗುವುದಿಲ್ಲ. ಅವನು ದೇವರಿಗೆ ಸೇರಿದವನು. ದಾವೀದನಾದರೋ ತನ್ನ ಬಲ ಎಷ್ಟೆಂದು ತಿಳಿಯಲು ಎಣಿಸಿದ. ಪಂಡಿತರು ಇದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ. ನನಗೆ ಇದು ಸಾಕೆನಿಸಿತು.

ದಾವೀದನ ಕಾಲದ ಮಾತು ಬಿಡಿ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಕೆಲಸಕ್ಕೆ ಹೋಗುವ ತಂದೆತಾಯಿಗಳಿಗೆ ಮಕ್ಕಳ ಆರೈಕೆಗಾಗಿ ಸರಕಾರ ಭತ್ಯೆ ಕೊಡುತ್ತದೆ. ಯಾರು ಮೋಸ ಮಾಡುತ್ತಿರಬಹುದೆಂದು ಊಹಿಸಲು ಅಲ್ಲಿನ ತೆರಿಗೆ ಇಲಾಖೆ ಕಂಪ್ಯೂಟರ್ ಲೆಕ್ಕವೊಂದನ್ನು ಬಳಸಿತು. ಆ ಲೆಕ್ಕಕ್ಕೆ ಕೊಟ್ಟ ಸೂಚಕಗಳಲ್ಲಿ ಅರ್ಜಿದಾರರು ಡಚ್ ಪೌರರೋ ಅಲ್ಲವೋ ಎಂಬುದೂ ಒಂದು. ಒಮ್ಮೆ ಅನುಮಾನದ ಪಟ್ಟಿಗೆ ಬಿದ್ದ ಮೇಲೆ, ಅರ್ಜಿಯಲ್ಲಿ ಒಂದು ಸಹಿ ತಪ್ಪಿಹೋಗಿದ್ದರೂ ವರ್ಷಗಳ ಭತ್ಯೆಯನ್ನೆಲ್ಲ ಹಿಂದಿರುಗಿಸಬೇಕೆಂಬ ನೋಟೀಸು ಬರುತ್ತಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅನ್ಯಾಯವಾಗಿ ಸಾಲಕ್ಕೆ ಸಿಲುಕಿದವು. ಮನೆ ಕಳೆದುಕೊಂಡವರುಂಟು, ಸಂಸಾರ ಮುರಿದುಕೊಂಡವರುಂಟು. ಕೊನೆಗೆ ೨೦೨೧ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಡಬೇಕಾಯಿತು. ಆ ಕಚೇರಿಗಳಲ್ಲಿ ಕುಳಿತಿದ್ದವರು ರಾಕ್ಷಸರಾಗಿರಲಿಲ್ಲ. ಅವರಿಗೂ ಸಿಸ್ಟಮ್ ಹಾಗೆ ಹೇಳಿತ್ತು, ಅಷ್ಟೆ.

ಈಗ ನಾನು ಓದಿದ ಶಾಸ್ತ್ರಕ್ಕೆ ಬರುತ್ತೇನೆ. ಸಂತ ಥಾಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣದ ವಿಷಯವಾಗಿ ಬರೆಯುವಾಗ ಒಂದು ಆಕ್ಷೇಪಕ್ಕೆ ಉತ್ತರ ಕೊಡುತ್ತಾರೆ. ಲೋಕದಲ್ಲಿ ಬಿಡಿಬಿಡಿ ಸಂಗತಿಗಳು ಅನಂತ. ಅವನ್ನೆಲ್ಲ ತಿಳಿಯಲು ಮನುಷ್ಯ ಬುದ್ಧಿಗೆ ಸಾಧ್ಯವಿಲ್ಲ. ಹಾಗಿರುವಾಗ ವಿವೇಕಿಯು ತೀರ್ಮಾನಿಸುವುದು ಹೇಗೆ? ಅವರ ಉತ್ತರ: ಅನುಭವವು ಆ ಅನಂತವನ್ನು, ಸಾಮಾನ್ಯವಾಗಿ ಬಹುಪಾಲು ನಡೆಯುವ ಕೆಲವು ಬಗೆಗಳಿಗೆ ಇಳಿಸಿಕೊಡುತ್ತದೆ, ಮನುಷ್ಯನ ವಿವೇಕಕ್ಕೆ ಅಷ್ಟು ಸಾಕು. ೧೩ನೆಯ ಶತಮಾನದಲ್ಲಿ ಬರೆದ ಈ ಮಾತನ್ನು ಗುರುಮಠದಲ್ಲಿ ಓದಿದಾಗ ನಿದ್ದೆ ಬಂದಿತ್ತು. ಈಗ ಓದಿದರೆ, ಹುಡುಗಿಯ ಪಠ್ಯಕ್ರಮವೇ ಅಲ್ಲಿರುವಂತೆ ಕಂಡಿತು. 'ಬಹುಪಾಲು ಹೀಗೆ' ಎಂಬುದನ್ನು ಹಳೆಯ ಉದಾಹರಣೆಗಳಿಂದ ತೆಗೆಯುವುದೇ ಈ ವಿದ್ಯೆಯ ಕೆಲಸ.

ಆದರೆ ಅದೇ ಸಂತರು ಬಹುಪಾಲಿಗೆ ಒಪ್ಪದ ಒಬ್ಬನನ್ನು ಮರೆಯಲಿಲ್ಲ. ನಂಬಿ ಇಟ್ಟ ವಸ್ತುವನ್ನು ಕೇಳಿದಾಗ ಹಿಂದಿರುಗಿಸಬೇಕು ಎಂಬುದು ಒಳ್ಳೆಯ ನಿಯಮ. ಆದರೆ ಕತ್ತಿಯನ್ನು ಇಟ್ಟುಹೋದವನು ಬುದ್ಧಿಭ್ರಮೆಯಾಗಿ ಬಂದು ಕೇಳಿದರೆ ಕೊಡಬಹುದೇ ಎಂದು ಕೇಳುತ್ತಾರೆ. ನಿಯಮಗಳು ಸಾಮಾನ್ಯ ಸಂದರ್ಭಗಳನ್ನು ನೋಡಿ ಮಾಡಿದವು. ಅಪರೂಪದ ಸಂದರ್ಭದಲ್ಲಿ ನಿಯಮದ ಅಕ್ಷರವನ್ನು ಬಿಟ್ಟು ನ್ಯಾಯದ ಉದ್ದೇಶವನ್ನು ಹಿಡಿಯುವುದೇ ಸದ್ಗುಣ ಎಂದು ಹೇಳಿ, ಗ್ರೀಕರಿಂದ 'ಎಪಿಕೇಯಿಯ' ಎಂಬ ಹೆಸರನ್ನು ಅದಕ್ಕೆ ತೆಗೆದುಕೊಳ್ಳುತ್ತಾರೆ. ಲೆಕ್ಕ ತಪ್ಪಿತೆಂದಲ್ಲ. ಲೆಕ್ಕ ಸರಿಯಿರುವಾಗಲೇ ಈ ಸದ್ಗುಣ ಬೇಕಾಗುವುದು.

ಪ್ರಾಧ್ಯಾಪಕರು ನನಗೆ ವಿವರಿಸಿದ ಇನ್ನೊಂದು ಸಂಗತಿ ಇದಕ್ಕಿಂತ ಆಳವಾಗಿ ನಾಟಿತು. ಸಾಲದ ಲೆಕ್ಕದಲ್ಲಿ ತಪ್ಪು ಎರಡು ಬಗೆ. ತೀರಿಸದವನಿಗೆ ಸಾಲ ಕೊಡುವುದು ಒಂದು. ತೀರಿಸುವವನಿಗೆ ಇಲ್ಲವೆನ್ನುವುದು ಇನ್ನೊಂದು. ಮೊದಲನೆಯ ತಪ್ಪಿನ ನಷ್ಟ ಕಂಪನಿಗೆ. ಅದು ಪುಸ್ತಕದಲ್ಲಿ ದಾಖಲಾಗುತ್ತದೆ, ಮುಂದಿನ ಸಲ ಯಂತ್ರವನ್ನು ತಿದ್ದುತ್ತಾರೆ. ಎರಡನೆಯ ತಪ್ಪಿನ ನಷ್ಟ ಆ ಇಸ್ತ್ರಿ ಅಂಗಡಿಯವರದು. ಅದು ಎಲ್ಲಿಯೂ ದಾಖಲಾಗುವುದಿಲ್ಲ. ಅವರಿಗೆ ಸಾಲವನ್ನೇ ಕೊಡದಿದ್ದ ಮೇಲೆ ಅವರು ತೀರಿಸುತ್ತಿದ್ದರೆಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಆ ತಪ್ಪಿಗೆ ಪುಸ್ತಕದಲ್ಲಿ ಸಾಲೇ ಇಲ್ಲ. ಮುಂದಿನ ವರ್ಷವೂ ಅಂಥವರಿಗೆ 'ಇಲ್ಲ' ಎಂದೇ ಬರುತ್ತದೆ. ಲೆಕ್ಕ ಮಾತ್ರ ಬಹಳ ನಿಖರವಾಗಿದೆಯೆಂದು ಎಲ್ಲರೂ ಮೆಚ್ಚುತ್ತಾರೆ. ಎರಡು ತಪ್ಪುಗಳಲ್ಲಿ ಯಾವುದನ್ನು ಎಷ್ಟು ಸಹಿಸಬೇಕು, ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ಯಾರೋ ಒಬ್ಬ ಮನುಷ್ಯ ಕುಳಿತು ಗೊತ್ತುಮಾಡಿರುತ್ತಾನೆ.

ಬಲಿಪೂಜೆಯ ಆರಂಭದ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ನಾವು ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳಿಗೂ ಕ್ಷಮೆ ಕೇಳುತ್ತೇವೆ. ಮಾಡದೆ ಬಿಟ್ಟದ್ದು ಗುರುತೇ ಉಳಿಸುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಆದ್ದರಿಂದ ಒಂದು ವಿಷಯವನ್ನು ನಿಮ್ಮ ಮುಂದೆ ಹೇಳಲೇಬೇಕು.

೨೦೨೦ರ ಲಾಕ್‌ಡೌನ್ ಕಾಲ. ಆಗ ನಾನು ಬೇರೆ ಧರ್ಮಕೇಂದ್ರದಲ್ಲಿದ್ದೆ. ದಾನಿಗಳ ಸಹಾಯದಿಂದ ಅರವತ್ತು ಕಿಟ್ ರೇಷನ್ ಬಂತು. ಕೇಳಿದ ಕುಟುಂಬಗಳು ನೂರನ್ನು ಮೀರಿದ್ದವು. ಪಕ್ಷಪಾತದ ಮಾತು ಬರಬಾರದೆಂದು ಯುವಕ ಸಂಘದ ಒಬ್ಬ ಜಾಣ ಹುಡುಗನಿಗೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಲು ಹೇಳಿದೆ. ಮನೆಯಲ್ಲಿ ಇಷ್ಟು ಜನವಿದ್ದರೆ ಇಷ್ಟು ಅಂಕ, ಬಾಡಿಗೆ ಮನೆಗೆ ಇಷ್ಟು, ದುಡಿಯುವವರು ಇಲ್ಲದಿದ್ದರೆ ಇಷ್ಟು. ಅಂಕಗಳನ್ನು ಗೊತ್ತುಮಾಡಿದವನು ನಾನೇ. ಹೆಚ್ಚು ಅಂಕ ಬಂದ ಅರವತ್ತು ಕುಟುಂಬಗಳಿಗೆ ಕಿಟ್. ಬಹಳ ನ್ಯಾಯವಾಗಿ ಮಾಡಿದೆನೆಂಬ ಹೆಮ್ಮೆ ನನಗಿತ್ತು. ಈಗಲೂ ಹೇಳುತ್ತೇನೆ, ಆ ಪಟ್ಟಿ ಕೆಟ್ಟ ಪಟ್ಟಿಯಾಗಿರಲಿಲ್ಲ.

ಹಂಚುವ ದಿನ ಒಬ್ಬ ವಯಸ್ಸಾದ ವಿಧವೆ ಗೇಟಿನ ಬಳಿ ಬಂದರು. ದಾಖಲೆಯ ಪ್ರಕಾರ ಅವರದು ಸ್ವಂತ ಮನೆ, ಒಬ್ಬರೇ ಇರುವುದು, ಮಗ ಕೊಲ್ಲಿ ದೇಶದಲ್ಲಿ. ಅಂಕ ಬಹಳ ಕಡಿಮೆ. "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲಮ್ಮ" ಎಂದೆ. ಅವರು "ಆಗಲಿ ಸ್ವಾಮಿ" ಎಂದು ಹೇಳಿ ಹಿಂದಿರುಗಿದರು. ಮರುಮಾತಿಲ್ಲ. ಎರಡು ವಾರದ ಮೇಲೆ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯ ಒಬ್ಬ ಸದಸ್ಯರು ಬೇರೆ ಯಾವುದೋ ಕಾರಣಕ್ಕೆ ಆ ಬೀದಿಗೆ ಹೋಗಿ, ಅವರ ಮನೆಯ ಕದ ತಟ್ಟಿದರು. ಸ್ವಂತ ಮನೆಯೆಂದರೆ ಶೀಟು ಹೊದಿಸಿದ ಒಂದು ಕೋಣೆ. ಮಗನಿಂದ ಪತ್ರವೂ ಇಲ್ಲ, ಹಣವೂ ಇಲ್ಲ, ನಾಲ್ಕು ವರ್ಷದಿಂದ. ಪಕ್ಕದ ಮನೆಯ ಮುಸ್ಲಿಂ ಕುಟುಂಬದವರು ಎರಡು ಹೊತ್ತು ಕೊಡುತ್ತಿದ್ದ ಊಟದಲ್ಲಿ ಅವರು ಜೀವ ಹಿಡಿದಿದ್ದರು. ಮಗ ಕೈಬಿಟ್ಟನೆಂದು ಧರ್ಮಕೇಂದ್ರದಲ್ಲಿ ಹೇಳಿಕೊಳ್ಳಲು ಆ ತಾಯಿಗೆ ಮನಸ್ಸಾಗಿರಲಿಲ್ಲ. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ನಾನು ಹೋಗಿ ಕ್ಷಮೆ ಕೇಳಿದೆ. ಅವರು ನನಗೇ ಸಮಾಧಾನ ಹೇಳಿದರು. ನನ್ನ ತಪ್ಪು ಪಟ್ಟಿ ಮಾಡಿದ್ದರಲ್ಲಿ ಇತ್ತೇ ಎಂದು ಬಹಳ ದಿನ ಯೋಚಿಸಿದ್ದೇನೆ. ಅಲ್ಲ. ಗೇಟಿನ ಬಳಿ ಅವರು ನಿಂತಿದ್ದರು, ನಾನು ನಿಂತಿದ್ದೆ. ಅವರ ಮುಖ ನೋಡುವ ಬದಲು ಕೈಯಲ್ಲಿದ್ದ ಕಾಗದವನ್ನು ನೋಡಿದೆ. 'ಇಲ್ಲ' ಎಂದವನು ನಾನು. ಆದರೆ ಪಟ್ಟಿಯ ಬಾಯಿಂದ ಹೇಳಿಸಿದೆ. ಹುಡುಗಿ "ಸಿಸ್ಟಮ್ ತಗೊಳ್ತಾ ಇಲ್ಲ ಸರ್" ಎಂದು ಹೇಳಿದಾಗ ನನಗೆ ಕೇಳಿಸಿದ್ದು ನನ್ನದೇ ದನಿ. ವ್ಯತ್ಯಾಸವಿಷ್ಟೇ: ಅವಳಿಗೆ ಜರಡಿಯ ಕಣ್ಣು ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲ, ಬದಲಿಸುವ ಅಧಿಕಾರವೂ ಇರಲಿಲ್ಲ. ನನಗೆ ಎರಡೂ ಇತ್ತು.

ಮುಂದಿನ ಭಾನುವಾರ ತಂದೆ ಮಗಳು ಬಂದಾಗ ನಾನು ಹೇಳಿದ್ದು ಇದನ್ನೇ. "ಓದಮ್ಮಾ. ಈಗ ಆ ಮೇಜಿನ ಮುಂದೆ ಕುಳಿತು ನೀನು ಮಾಡುತ್ತಿರುವುದಕ್ಕಿಂತ, ಅದರ ಒಳಗನ್ನು ತಿಳಿದವಳಾಗುವುದು ಮೇಲು. ಗೆರೆ ಎಲ್ಲಿ ಎಳೆಯಬೇಕೆಂದು ಮಾತುಕತೆ ನಡೆಯುವ ಕೋಣೆಯಲ್ಲಿ ಇಸ್ತ್ರಿ ಅಂಗಡಿಯವರನ್ನು ಬಲ್ಲವರು ಒಬ್ಬರಾದರೂ ಇರಬೇಕಲ್ಲ." ಒಳ್ಳೆಯ ಸಂಬಳಕ್ಕೆ ಆಸೆಪಡುವುದು ತಪ್ಪಲ್ಲವೆಂದೂ ಹೇಳಿದೆ, ಗಾರ್ಮೆಂಟ್ಸ್‌ನಲ್ಲಿ ಸವೆದ ತಾಯಿಗೆ ವಿಶ್ರಾಂತಿ ಕೊಡುವುದು ನಾಲ್ಕನೆಯ ದೈವಾಜ್ಞೆಗೆ ಸೇರಿದ್ದು. ಒಂದು ದಿನ ಅವಳ ಮಾತನ್ನು ಯಾರೂ ಕೇಳದೆ, ಅನ್ಯಾಯವೆಂದು ಸ್ಪಷ್ಟವಾಗಿ ತಿಳಿದ ಲೆಕ್ಕಕ್ಕೆ ಅವಳೇ ಕೈಹಾಕಬೇಕಾಗಿ ಬಂದರೆ? ಆಗ ಬಿಟ್ಟು ಬರಬೇಕಾದೀತು. ಸಾಲದ ಕಂತು ತಲೆಯ ಮೇಲಿರುವಾಗ ಬಿಟ್ಟು ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ, ಆದ್ದರಿಂದ ಅದನ್ನು ಹಗುರವಾಗಿ ಹೇಳಲಿಲ್ಲ. ಸಾಲ ಆದಷ್ಟು ಚಿಕ್ಕದಾಗಿರಲಿ, ಹೆಸರು ದೊಡ್ಡದೆಂದು ಶುಲ್ಕ ದೊಡ್ಡದಿರುವ ಕಾಲೇಜನ್ನು ಹಿಡಿಯಬೇಡ ಎಂದೆ.

ಇನ್ನೊಂದನ್ನೂ ಕೇಳಿಕೊಂಡೆ. ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯನ್ನು ೧೮೩೩ರಲ್ಲಿ ಪ್ಯಾರಿಸ್‌ನಲ್ಲಿ ಆರಂಭಿಸಿದ ಫ್ರೆಡರಿಕ್ ಓಜನಾಂ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಚರ್ಚೆಯಲ್ಲಿ ಗೆಲ್ಲುವ ನೀವು ಬಡವರಿಗೆ ಮಾಡುತ್ತಿರುವುದೇನು ಎಂದು ಸಹಪಾಠಿಯೊಬ್ಬ ಚುಚ್ಚಿದ ಮೇಲೆ, ಗೆಳೆಯರೊಡನೆ ಬಡವರ ಮನೆಗಳಿಗೇ ಹೋಗಲು ತೊಡಗಿದರು. ಓದು ಬಿಡಲಿಲ್ಲ. ಕಾನೂನಿನಲ್ಲಿ ಒಂದು, ಸಾಹಿತ್ಯದಲ್ಲಿ ಒಂದು, ಎರಡು ಡಾಕ್ಟರೇಟ್ ಪಡೆದರು, ಮನೆಭೇಟಿಯನ್ನೂ ನಿಲ್ಲಿಸಲಿಲ್ಲ. ೧೯೯೭ರಲ್ಲಿ ಎರಡನೆಯ ಜಾನ್ ಪಾಲ್ ಅವರು ಪ್ಯಾರಿಸ್‌ನಲ್ಲಿಯೇ ಅವರನ್ನು ಧನ್ಯರೆಂದು ಘೋಷಿಸಿದರು. ನಮ್ಮ ಧರ್ಮಕೇಂದ್ರದ ಸಭೆಯವರು ತಿಂಗಳ ಎರಡನೆಯ ಶನಿವಾರ ಮನೆಭೇಟಿಗೆ ಹೋಗುತ್ತಾರೆ, ಹೆಚ್ಚಿನವರು ಅರವತ್ತು ದಾಟಿದವರು, ಮೊಣಕಾಲು ನೋವಿನವರು. "ಎರಡು ವರ್ಷ ಅವರ ಜೊತೆ ಹೋಗುತ್ತೀಯಾ?" ಎಂದು ಕೇಳಿದೆ. ಶನಿವಾರ ಲ್ಯಾಬ್ ಇದ್ದರೆ ಏನು ಮಾಡಲಿ ಎಂದಳು. ಇಲ್ಲದ ಶನಿವಾರ ಹೋಗು ಎಂದೆ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಅವರು ಬಯಸಿದ ಮಾತನ್ನು ನಾನು ಹೇಳಲಿಲ್ಲವಲ್ಲ ಎಂದು ಸಂಕೋಚವಾಗುತ್ತಿತ್ತು. ಕೊನೆಗೆ ಪ್ಲಾಸ್ಟಿಕ್ ಕವರಿನಿಂದ ಬ್ಯಾಂಕಿನ ಶಿಕ್ಷಣ ಸಾಲದ ಕಾಗದಗಳನ್ನು ತೆಗೆದು, ಎಲ್ಲೆಲ್ಲಿ ಸಹಿ ಮಾಡಬೇಕೆಂದು ಮಗಳನ್ನು ಕೇಳಿದರು. ನನ್ನ ಮೇಜಿನ ಮೇಲೆಯೇ ಇಟ್ಟು ಒಂದೊಂದಾಗಿ ಸಹಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ನಕ್ಕರು. "ನಮ್ಮ ಅರ್ಜಿಗೆ ಸಿಸ್ಟಮ್ ಏನು ಹೇಳುತ್ತೋ ಫಾದರ್!"

ಈ ಲೇಖನ ಬರೆಯುವ ಹೊತ್ತಿಗೆ ಬ್ಯಾಂಕಿನಿಂದ ಉತ್ತರ ಬಂದಿಲ್ಲ. ಶಿಫಾರಸು ಪತ್ರವನ್ನು ಮಾತ್ರ ನಾನು ಅಂದೇ ಬರೆದುಕೊಟ್ಟೆ.